ಕತ್ತಿನ ಮೇಲೊಂದು ಗೆರೆ (10 ಭಾಗಗಳ ಸರಣಿ)

ಭಾಗ 1/10

ಫೋಟೋ ಜೂಮ್ ಮಾಡಿ ನೋಡಿ. ಕಾಲರ್ ಬೋನ್‌ಗಿಂತ ಎರಡು ಬೆರಳು ಮೇಲೆ, ಅಡ್ಡಕ್ಕೆ, ಐದು ಸೆಂಟಿಮೀಟರ್ ಉದ್ದದ ಗೆರೆ. ಫಿಲ್ಟರ್ ಹಾಕಿಲ್ಲ. ನನ್ನದೇ ಕತ್ತು.

ಏಳು ತಿಂಗಳ ಹಿಂದೆ ನನ್ನ ಥೈರಾಯ್ಡ್ ಗ್ರಂಥಿಯ ಬಲಭಾಗ ತೆಗೆದರು. ಗಡ್ಡೆ ಕ್ಯಾನ್ಸರ್ ಆಗಿರಲಿಲ್ಲ, ಆದ್ರೆ ಶ್ವಾಸನಾಳವನ್ನ ಒಂದು ಪಕ್ಕಕ್ಕೆ ಒತ್ತುತ್ತಿತ್ತು. ಅಂಗಾತ ಮಲಗಿದರೆ ಉಸಿರು ಕಟ್ಟೋದು. ಆಪರೇಷನ್ ಚೆನ್ನಾಗೇ ಆಯ್ತು. ಕಿರಿಕಿರಿ ಶುರುವಾಗಿದ್ದು ಆಮೇಲೆ.

ಬಸ್‌ನಲ್ಲಿ ಪಕ್ಕ ಕೂತಿದ್ದ ಆಂಟಿಯೊಬ್ಬರು ತುಂಬಾ ಹೊತ್ತು ನನ್ನ ಕತ್ತು ನೋಡಿ, ಮೆಲ್ಲಗೆ "ಯಾಕಮ್ಮಾ, ಏನಾದ್ರೂ ಮಾಡ್ಕೊಳ್ಳೋಕೆ ಹೋಗಿದ್ಯಾ?" ಅಂತ ಕೇಳಿದ್ರು. ಪಾಪ, ಕಾಳಜಿಯಿಂದಲೇ. ಅಜ್ಜಿ ತಮ್ಮ ಅಡ್ಡಿಕೆ ತೆಗೆದುಕೊಟ್ಟು, "ಮದುವೆ ಮನೆಗೆ ಹೋಗುವಾಗ ಇದನ್ನ ಹಾಕ್ಕೋ, ಯಾರೂ ಕೇಳಲ್ಲ" ಅಂದ್ರು. ಚಿಕ್ಕಮ್ಮ ಮಾತ್ರ ನೇರವಾಗಿ ಕೇಳಿದ್ರು: "ಈಗ ಬಾಯೊಳಗಿಂದ, ಕಂಕುಳಿಂದ ಎಲ್ಲಾ ಮಾಡ್ತಾರಂತೆ, ಕಲೆನೇ ಬರಲ್ವಂತೆ. ನೀವ್ಯಾಕೆ ಅದನ್ನ ಕೇಳಲಿಲ್ಲ?"

ನನ್ನ ಹತ್ರ ಉತ್ತರ ಇರಲಿಲ್ಲ. ನಾನು ಓದ್ತಿರೋದು ಬಿಕಾಂ, ಡಾಕ್ಟರ್ ಅಲ್ಲ. ಆದ್ರೆ ಈ ಗೆರೆ ಇಲ್ಲೇ ಯಾಕೆ, ಅಡ್ಡಕ್ಕೇ ಯಾಕೆ ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದು 150 ವರ್ಷದ ಒಂದು ಇತಿಹಾಸ. ಸ್ವಿಟ್ಜರ್ಲೆಂಡ್, ಇಟಲಿ, ಜಪಾನ್, ಕೊರಿಯಾ, ಥಾಯ್ಲೆಂಡ್ ಎಲ್ಲಾ ಸುತ್ತಿ ಬರುತ್ತೆ. ನಿಮ್ಮ ಮನೆಯಲ್ಲೂ ಯಾರಿಗಾದ್ರೂ ಈ ಆಪರೇಷನ್ ಹೇಳಿದ್ದರೆ ಸೇವ್ ಮಾಡಿಟ್ಕೊಳ್ಳಿ.

ಭಾಗ 2/10

ಮೊದಲು ಒಂದು ವಿಷಯ ಒಪ್ಪಿಕೊಳ್ಳಬೇಕು. ಕಲೆಯ ಬಗ್ಗೆ ಚಿಂತೆ ಮಾಡೋಕೆ ರೋಗಿ ಬದುಕಿರಬೇಕು.

1850ರ ಸುಮಾರಿಗೆ ಥೈರಾಯ್ಡ್ ಆಪರೇಷನ್ ಅಂದ್ರೆ ಯುರೋಪಿನ ದೊಡ್ಡ ದೊಡ್ಡ ಸರ್ಜನ್‌ಗಳೇ ಹೆದರುತ್ತಿದ್ದರು. ಈ ಗ್ರಂಥಿಗೆ ರಕ್ತ ಸರಬರಾಜು ಬಹಳ ಜಾಸ್ತಿ. ಚಾಕು ತಾಗಿದರೆ ರಕ್ತ ನಿಲ್ಲುತ್ತಿರಲಿಲ್ಲ. ನಿಂತರೂ ಆಮೇಲೆ ಸೋಂಕು. ಥಿಯೋಡೋರ್ ಬಿಲ್ರೋಟ್ ಅನ್ನೋ ಹೆಸರಾಂತ ಸರ್ಜನ್ 1860ರ ದಶಕದಲ್ಲಿ ಜ್ಯೂರಿಕ್‌ನಲ್ಲಿ ಮಾಡಿದ ಗಳಗಂಡದ ಆಪರೇಷನ್‌ಗಳಲ್ಲಿ ನೂರಕ್ಕೆ ಸುಮಾರು 40 ಜನ ತೀರಿಕೊಂಡರು. ಅವರು ಕೆಲವು ವರ್ಷ ಈ ಆಪರೇಷನ್ನನ್ನೇ ನಿಲ್ಲಿಸಿಬಿಟ್ಟರು.

ಆಗ ಬಂದವರು ಥಿಯೋಡೋರ್ ಕೋಖರ್. 1872ರಲ್ಲಿ, 30ನೇ ವಯಸ್ಸಿಗೇ, ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಸರ್ಜರಿ ಪ್ರೊಫೆಸರ್ ಆದವರು. ಆಲ್ಪ್ಸ್ ಬೆಟ್ಟಗಳ ಮಣ್ಣು, ನೀರಿನಲ್ಲಿ ಅಯೋಡಿನ್ ಕಡಿಮೆ, ಹಾಗಾಗಿ ಊರೂರಿಗೂ ಗಳಗಂಡ. ಕೋಖರ್‌ಗೆ ರೋಗಿಗಳ ಕೊರತೆಯೇ ಇರಲಿಲ್ಲ. ಅವರ ವಿಶೇಷ ವೇಗ ಅಲ್ಲ, ನಿಧಾನ. ಒಂದೊಂದೇ ರಕ್ತನಾಳ ಹುಡುಕಿ, ಹಿಡಿದು, ಕಟ್ಟಿ, ಆಮೇಲೆ ಕತ್ತರಿಸೋದು. ಜೊತೆಗೆ ಲಿಸ್ಟರ್ ಹೇಳಿಕೊಟ್ಟ ಕ್ರಿಮಿನಾಶಕ ಶಿಸ್ತು. ಶುರುವಿನಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಇದ್ದ ಸಾವು, ಅವರ ವೃತ್ತಿಯ ಕೊನೆಯ ಹೊತ್ತಿಗೆ ನೂರಕ್ಕೆ ಒಂದಕ್ಕಿಂತ ಕೆಳಗೆ ಇಳಿದಿತ್ತು. ಒಟ್ಟು ಮಾಡಿದ ಥೈರಾಯ್ಡ್ ಆಪರೇಷನ್‌ಗಳು 5000ಕ್ಕೂ ಹೆಚ್ಚು. 1909ರಲ್ಲಿ ನೊಬೆಲ್. ಆ ಬಹುಮಾನ ಪಡೆದ ಮೊದಲ ಸರ್ಜನ್ ಅವರೇ.

ಆ ಕಾಲದಲ್ಲಿ ಕತ್ತಿನ ಮೇಲೆ ಗೆರೆ ಇದೆ ಅಂದ್ರೆ ಅರ್ಥ ಒಂದೇ: ಈ ಮನುಷ್ಯ ಬದುಕಿ ಬಂದಿದ್ದಾನೆ.

ಭಾಗ 3/10

ಈಗ ಗೆರೆಯ ದಿಕ್ಕಿನ ಕಥೆ.

ಆಗಿನ ಸರ್ಜನ್‌ಗಳು ಕತ್ತನ್ನ ಉದ್ದಕ್ಕೆ ಕೊಯ್ಯುತ್ತಿದ್ದರು, ಇಲ್ಲಾ ಸ್ನಾಯುವಿನ ಅಂಚು ಹಿಡಿದು ಓರೆಯಾಗಿ. ದೊಡ್ಡ ಗಡ್ಡೆಗೆ ಎರಡು ಕೊಯ್ತ ಸೇರಿಸಿ ಕೋನದ ಆಕಾರದಲ್ಲೂ ಮಾಡುತ್ತಿದ್ದರು. ಒಳಗೆ ಕೈ ಆಡಿಸೋಕೆ ಜಾಗ ಸಿಗಬೇಕು, ಅಷ್ಟೇ ಲೆಕ್ಕ. ಆದ್ರೆ ಉದ್ದ ಗಾಯ ಮಾಗುವಾಗ ಕುಗ್ಗುತ್ತೆ. ಕತ್ತು ದಿನಕ್ಕೆ ನೂರಾರು ಸಲ ಮೇಲೆ ಕೆಳಗೆ ಆಡುತ್ತೆ. ಎಳೆದ ಹಗ್ಗದ ಥರ ಆ ಗೆರೆ ಗಟ್ಟಿಯಾಗಿ ಉಬ್ಬಿ ನಿಲ್ಲುತ್ತಿತ್ತು.

ಇದಕ್ಕೆ ಉತ್ತರ ಶವಾಗಾರದಲ್ಲಿ ಆಗಲೇ ಸಿಕ್ಕಿತ್ತು. 1861ರಲ್ಲಿ ಆಸ್ಟ್ರಿಯಾದ ಅಂಗರಚನಾ ತಜ್ಞ ಕಾರ್ಲ್ ಲಾಂಗರ್, ಶವಗಳ ಚರ್ಮಕ್ಕೆ ದುಂಡನೆಯ ಮೊಳೆಯಿಂದ ಸಾಲಾಗಿ ಚುಚ್ಚಿದರು. ಮೊಳೆ ದುಂಡಗಿದ್ದರೂ ತೂತು ದುಂಡಗಾಗಲಿಲ್ಲ, ಉದ್ದುದ್ದ ಸೀಳಾಯಿತು. ಅಂದ್ರೆ ಚರ್ಮಕ್ಕೆ ಬಟ್ಟೆಯ ನೇಯ್ಗೆಯ ಹಾಗೆ ಒಂದು ದಿಕ್ಕಿದೆ. ಸೀಳುಗಳನ್ನ ಜೋಡಿಸಿ ಲಾಂಗರ್ ಇಡೀ ದೇಹಕ್ಕೆ ನಕ್ಷೆ ಬರೆದರು. ಕತ್ತಿನಲ್ಲಿ ಆ ಗೆರೆಗಳು ಅಡ್ಡಕ್ಕೆ ಓಡುತ್ತವೆ. ಕನ್ನಡಿ ಮುಂದೆ ನಿಂತು ತಲೆ ಬಗ್ಗಿಸಿ ನೋಡಿ, ಮಡಿಕೆ ಬೀಳೋದು ಅದೇ ದಿಕ್ಕಿಗೆ.

1880ರಲ್ಲಿ ಸ್ಟ್ರಾಸ್‌ಬರ್ಗ್‌ನ ಜೂಲ್ಸ್ ಬೋಕೆಲ್ ಥೈರಾಯ್ಡ್‌ಗೆ ಅಡ್ಡ ಕೊಯ್ತ ಬಳಸಿದರು. ಕೋಖರ್ ಅದನ್ನ ಪಳಗಿಸಿ ಪ್ರಪಂಚಕ್ಕೆಲ್ಲಾ ಹರಡಿದರು. ಶರ್ಟಿನ ಕಾಲರ್ ಕೂರೋ ಜಾಗ, ಅದಕ್ಕೇ 'ಕಾಲರ್ ಇನ್ಸಿಷನ್' ಅನ್ನೋ ಹೆಸರು. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಇನ್ನೊಂದು ಹೆಜ್ಜೆ ಸೇರಿಸಿದರು: ಹೊಲಿಗೆ ಚರ್ಮದ ಮೇಲೆ ಕಾಣದ ಹಾಗೆ ಒಳಪದರದಲ್ಲೇ ಓಡಿಸೋದು. ಅದರಿಂದ ಗೆರೆಯ ಎರಡೂ ಕಡೆ ಏಣಿ ಮೆಟ್ಟಿಲಿನಂಥ ಚುಕ್ಕಿಗಳು ತಪ್ಪಿದವು.

ನನ್ನ ಕತ್ತಿನ ಮೇಲಿರೋದು ಸ್ವಲ್ಪ ಚಿಕ್ಕದಾದ, ಆದ್ರೆ ಅದೇ ಗೆರೆ.

ಭಾಗ 4/10

ಈ ಭಾಗ ಬರೆಯುವಾಗ ನನಗೆ ಸ್ವಲ್ಪ ಕಷ್ಟ ಆಯ್ತು.

1874ರಲ್ಲಿ ಕೋಖರ್ ಹನ್ನೊಂದು ವರ್ಷದ ಹುಡುಗಿಯೊಬ್ಬಳ ಥೈರಾಯ್ಡ್ ಪೂರ್ತಿ ತೆಗೆದರು. ಗಾಯ ಸರಿಯಾಗಿ ಮಾಗಿತು. ಕೆಲವು ಕಾಲದ ಮೇಲೆ ಅವಳ ಊರಿನ ಡಾಕ್ಟರ್ ಕಡೆಯಿಂದ ಸುದ್ದಿ ಬಂತು, ಹುಡುಗಿ ಪೂರ್ತಿ ಬದಲಾಗಿದ್ದಾಳೆ, ಮಂಕಾಗಿದ್ದಾಳೆ ಅಂತ. 1882ರಲ್ಲಿ ಜಿನೀವಾದ ಜಾಕ್ ಲೂಯಿ ರೆವರ್ಡಿನ್ ಕೂಡ ತಮ್ಮ ರೋಗಿಗಳಲ್ಲಿ ಇಂಥದ್ದೇ ಕಾಣ್ತಿದೆ ಅಂದ ಮೇಲೆ, ಕೋಖರ್ ಹಳೇ ರೋಗಿಗಳನ್ನ ವಾಪಸ್ ಕರೆಸಿ ನೋಡಿದರು. ಆ ಹುಡುಗಿ ಮತ್ತು ಅವಳ ತಂಗಿ ಮೊದಲು ಒಬ್ಬರಂತೆ ಒಬ್ಬರಿದ್ದವರು. ಈಗ ತಂಗಿ ಎತ್ತರವಾಗಿ ಬೆಳೆದಿದ್ದಳು. ಅಕ್ಕ ಬೆಳೆದೇ ಇರಲಿಲ್ಲ.

ಗ್ರಂಥಿ ಪೂರ್ತಿ ಹೋದವರಲ್ಲಿ ಬಹುಪಾಲು ಜನರಿಗೆ ಹೀಗೇ ಆಗಿತ್ತು. ಮುಖ ಊದಿಕೊಂಡು, ಚರ್ಮ ಒಣಗಿ, ಮಾತು, ಯೋಚನೆ ಎಲ್ಲಾ ನಿಧಾನ. ಥೈರಾಯ್ಡ್ ಏನು ಕೆಲಸ ಮಾಡುತ್ತೆ ಅಂತ ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. 1883ರಲ್ಲಿ ಕೋಖರ್ ಇದನ್ನ ಮುಚ್ಚಿಡದೆ ಜರ್ಮನ್ ಸರ್ಜನ್‌ಗಳ ಸಭೆಯಲ್ಲೇ ಎದ್ದು ಹೇಳಿದರು, ಆಮೇಲೆ ಗ್ರಂಥಿಯ ಒಂದು ಭಾಗ ಉಳಿಸೋದನ್ನ ರೂಢಿ ಮಾಡಿಕೊಂಡರು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಸಾರ ಚುಚ್ಚಿ ಇಂಥ ಕಾಯಿಲೆಗೆ ಚಿಕಿತ್ಸೆ ತೋರಿಸಿದರು. ಇವತ್ತು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಚಿಕ್ಕ ಮಾತ್ರೆಗೆ ಮೂಲ ಅದು.

ಯೋಚನೆ ಮಾಡಿ. ಆ ಹುಡುಗಿಯ ಕತ್ತಿನ ಗೆರೆ ಚೆನ್ನಾಗೇ ಮಾಗಿತ್ತು. ಹೊರಗಿನಿಂದ ನೋಡಿದ್ದರೆ ಯಶಸ್ಸು ಅಂತಲೇ ಬರೆಯುತ್ತಿದ್ದರು. ಮುಂದಿನ ಭಾಗಗಳಲ್ಲಿ ಹೊಸ ಹೊಸ ಟೆಕ್ನಿಕ್ ಬಂದಾಗೆಲ್ಲ ಇವಳನ್ನ ನೆನಪಿಟ್ಕೊಳ್ಳಿ.

ಭಾಗ 5/10

ಅಜ್ಜಿಯ ಅಡ್ಡಿಕೆಗೆ ವಾಪಸ್ ಬರೋಣ.

ಬವೇರಿಯಾ, ಆಸ್ಟ್ರಿಯಾ ಕಡೆಯ ಹೆಂಗಸರ ಸಾಂಪ್ರದಾಯಿಕ ಉಡುಪಿನ ಫೋಟೋ ಹುಡುಕಿ ನೋಡಿ. ಕತ್ತಿಗೆ ಅಂಟಿಕೊಂಡ ಹಾಗೆ, ನಾಲ್ಕಾರು ಎಳೆಯ ಬೆಳ್ಳಿ ಸರ, ಮುಂದೆ ಅಗಲವಾದ ಕೊಂಡಿ. ಹೆಸರು 'ಕ್ರಾಪ್ಫ್ ಕೆಟ್ಟೆ'. ಕ್ರಾಪ್ಫ್ ಅಂದ್ರೆ ಗಳಗಂಡ, ಕೆಟ್ಟೆ ಅಂದ್ರೆ ಸರ. ಗಡ್ಡೆಯನ್ನೋ, ಆಪರೇಷನ್ ಗೆರೆಯನ್ನೋ ಮುಚ್ಚೋಕೆ ಹಾಕ್ತಿದ್ದರು ಅಂತ ಅಲ್ಲಿನ ಜನ ಹೇಳ್ತಾರೆ. ಎಲ್ಲಿಯ ಆಲ್ಪ್ಸ್, ಎಲ್ಲಿಯ ನಮ್ಮಜ್ಜಿ! ಇದನ್ನ ಓದಿ ಹೇಳಿದಾಗ ಅಜ್ಜಿ, "ನೋಡಿದ್ಯಾ, ಎಲ್ಲಾ ಕಡೆ ಹೆಂಗಸರಿಗೇ ಮುಚ್ಕೊಳ್ಳೋ ಕೆಲಸ" ಅಂದ್ರು.

ಮಾತು ನಿಜ. ಥೈರಾಯ್ಡ್ ತೊಂದರೆಗಳು ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಜಾಸ್ತಿ. ಹಾಗಾಗಿ ಈ ಗೆರೆಯ ಇತಿಹಾಸ ಮುಖ್ಯವಾಗಿ ಹೆಂಗಸರ ಕತ್ತಿನ ಇತಿಹಾಸ. ಅದನ್ನ ಬರೆದ ಸರ್ಜನ್‌ಗಳು ಮಾತ್ರ ಹೆಚ್ಚುಕಮ್ಮಿ ಎಲ್ಲರೂ ಗಂಡಸರು.

ಸ್ವಿಟ್ಜರ್ಲೆಂಡಿನಲ್ಲಿ ಗೆರೆಗಳನ್ನ ನಿಜವಾಗಿ ಕಡಿಮೆ ಮಾಡಿದ್ದು ಯಾವ ಚಾಕುವೂ ಅಲ್ಲ, ಉಪ್ಪು. 1922ರಲ್ಲಿ ಅಲ್ಲಿ ಅಡುಗೆ ಉಪ್ಪಿಗೆ ಅಯೋಡಿನ್ ಸೇರಿಸೋಕೆ ಶುರು ಮಾಡಿದರು. ಮುಂದಿನ ತಲೆಮಾರಿನ ಮಕ್ಕಳಲ್ಲಿ ಗಳಗಂಡ ಇಳಿಯುತ್ತಾ ಹೋಯಿತು.

ನಮ್ಮ ದೇಶದಲ್ಲೂ ಇದೇ ದಾರಿ. ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಯೋಡಿನ್ ಉಪ್ಪು ಕೊಟ್ಟು ಪರೀಕ್ಷಿಸಿದರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ನಮ್ಮ ಚಿಕ್ಕಮಗಳೂರು, ಕೊಡಗಿನ ಕಡೆಯೂ ಗಳಗಂಡ ಸಾಮಾನ್ಯ ಅಂತ ಸಮೀಕ್ಷೆಗಳು ಹೇಳಿದ್ದವು. ಅಡುಗೆಮನೆಯ ಉಪ್ಪಿನ ಪ್ಯಾಕೆಟ್ ಮೇಲೆ ನಗುವ ಸೂರ್ಯನ ಗುರುತು ನೋಡಿದ್ದೀರಲ್ಲ? ಆ ಇತಿಹಾಸವೇ ಅದು.

ಭಾಗ 6/10

ಕೋಖರ್ ಆದಮೇಲೆ ಸುಮಾರು ನೂರು ವರ್ಷ ಕಾಲರ್ ಗೆರೆಯೇ ರಾಜ. 1990ರ ದಶಕದಲ್ಲಿ ಕ್ಯಾಮೆರಾ ಬಂತು.

ಪಿತ್ತಕೋಶದ ಆಪರೇಷನ್ ಆಗಲೇ ಸಣ್ಣ ತೂತಿನಿಂದ ನಡೀತಿತ್ತು. ಅದೇ ಲ್ಯಾಪರೋಸ್ಕೋಪಿ ಕತ್ತಿಗೆ ಯಾಕಾಗಬಾರದು? 1996ರಲ್ಲಿ ಮಿಷೆಲ್ ಗಾಗ್ನೆ ಥೈರಾಯ್ಡ್ ಪಕ್ಕದ ಪ್ಯಾರಾಥೈರಾಯ್ಡ್ ಗ್ರಂಥಿಯನ್ನ ಹಾಗೆ ತೆಗೆದರು. ಗಂಟೆಗಟ್ಟಲೆ ಹಿಡಿಯಿತು, ಒಳಗೆ ತುಂಬಿದ ಗಾಳಿ ರೋಗಿಯ ಚರ್ಮದಡಿ ಹರಡಿ ಊದಿಕೊಂಡಿತು. ಆದ್ರೆ ಆಗುತ್ತೆ ಅಂತ ಗೊತ್ತಾಯ್ತು. ಮುಂದಿನ ವರ್ಷ ಇಟಲಿಯಲ್ಲಿ ಹ್ಯೂಷರ್ ತಂಡ ಥೈರಾಯ್ಡ್‌ನ ಒಂದು ಭಾಗವನ್ನೇ ಹೀಗೆ ತೆಗೆಯಿತು.

ಇಲ್ಲಿಂದ ದಾರಿ ಎರಡಾಗುತ್ತೆ.

ಒಂದು, ಗೆರೆಯನ್ನ ಚಿಕ್ಕದು ಮಾಡೋದು. ಇಟಲಿಯ ಪೀಸಾದಲ್ಲಿ ಪಾವೊಲೊ ಮಿಕ್ಕೋಲಿ ಕತ್ತಿನ ಮಧ್ಯೆ ಬರೀ ಒಂದೂವರೆ ಸೆಂಟಿಮೀಟರ್ ಕೊಯ್ದು, ಕ್ಯಾಮೆರಾ ಇಳಿಸಿ, ಗ್ರಂಥಿ ತೆಗೆಯೋದನ್ನ ರೂಢಿಗೆ ತಂದರು. ಆದ್ರೆ ಸಣ್ಣ ಗ್ರಂಥಿಗೆ ಮಾತ್ರ. ನಾಲ್ಕು ಸೆಂಟಿಮೀಟರ್ ಗಡ್ಡೆ ಒಂದೂವರೆ ಸೆಂಟಿಮೀಟರ್ ಬಾಗಿಲಿನಿಂದ ಹೊರಗೆ ಬರಲ್ಲ.

ಎರಡು, ಗೆರೆಯನ್ನ ಬೇರೆ ಕಡೆ ಸಾಗಿಸೋದು. ಇದು ಜಪಾನಿನ ದಾರಿ. 2000ದಲ್ಲಿ ಓಗಾಮಿ ತಂಡ ಎದೆಯ ಕಡೆಯಿಂದ, ಇಕೇಡಾ ತಂಡ ಕಂಕುಳಿಂದ ಮಾಡಿದ ಆಪರೇಷನ್‌ಗಳ ವರದಿ ಕೊಟ್ಟರು. ಎದೆಯ ದಾರಿಯಲ್ಲಿ ಒಂದು ತೂತು ಎದೆಮೂಳೆಯ ಪಕ್ಕದಲ್ಲಿತ್ತು. ಎದೆಯ ಮಧ್ಯಭಾಗದ ಚರ್ಮಕ್ಕೆ ಒಂದು ಕೆಟ್ಟ ಗುಣ ಇದೆ, ಸಣ್ಣ ಗಾಯವೂ ಅಲ್ಲಿ ದಪ್ಪಗೆ ಉಬ್ಬಿ ಮಾಗುತ್ತೆ. 2003ರಲ್ಲಿ ಶಿಮಾಜು ತಂಡ ಆ ತೂತನ್ನ ಕಂಕುಳಿಗೆ ಸಾಗಿಸಿತು.

ಗಮನಿಸಿದ್ರಾ? ಕಲೆ ಹೋಗಲಿಲ್ಲ. ವಿಳಾಸ ಬದಲಾಯಿತು, ಅದೂ ಎರಡು ಸಲ.

ಭಾಗ 7/10

ಈಗ ಕೊರಿಯಾ. ಇಲ್ಲಿ ನನ್ನ ಬಿಕಾಂ ಬುದ್ಧಿ ಎಚ್ಚರ ಆಯ್ತು.

2007ರಲ್ಲಿ ಸೋಲ್‌ನ ಯೊನ್ಸೆ ವಿಶ್ವವಿದ್ಯಾಲಯದಲ್ಲಿ ಚುಂಗ್ ಮತ್ತು ತಂಡ ಡಾವಿಂಚಿ ರೋಬೋಟ್ ಬಳಸಿ ಕಂಕುಳಿನ ದಾರಿಯಲ್ಲಿ ಥೈರಾಯ್ಡ್ ತೆಗೆಯೋಕೆ ಶುರು ಮಾಡಿದರು. ಕಂಕುಳಿನ ಮಡಿಕೆಯಲ್ಲಿ ಐದಾರು ಸೆಂಟಿಮೀಟರ್ ಗೆರೆ, ಕೈ ಇಳಿಸಿದರೆ ಕಾಣಲ್ಲ. ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದವರು ಎರಡೂ ಕಂಕುಳು, ಎರಡೂ ಸ್ತನತೊಟ್ಟಿನ ಅಂಚು, ಹೀಗೆ ನಾಲ್ಕು ಕಡೆಯಿಂದ ಹೋಗುವ ದಾರಿ ಬೆಳೆಸಿದರು. ಕತ್ತು ಪೂರ್ತಿ ಕ್ಲೀನ್.

ಬೆಲೆ? ಕಂಕುಳಿಂದ ಕತ್ತಿನ ತನಕ ಚರ್ಮದಡಿ ಸುರಂಗ ಕೊರೀಬೇಕು. ಸಮಯ ಜಾಸ್ತಿ, ದುಡ್ಡು ಬಹಳ ಜಾಸ್ತಿ. ಎದೆಯ ಚರ್ಮಕ್ಕೆ ಕೆಲವು ಕಾಲ ಜೋಮು. ಕೈಯನ್ನ ಎತ್ತಿ ಕಟ್ಟಿರೋದರಿಂದ, ಅಪರೂಪಕ್ಕಾದರೂ, ತೋಳಿನ ನರಗಳಿಗೆ ಪೆಟ್ಟು. ಕಾಲರ್ ಆಪರೇಷನ್‌ನಲ್ಲಿ ಇಲ್ಲದ ಹೊಸ ಅಪಾಯ ಇದು.

ಇದರ ಜೊತೆಗೇ ಇನ್ನೊಂದು ಲೆಕ್ಕ ಓದಿ. ಕೊರಿಯಾದಲ್ಲಿ 1999ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆ ಶುರುವಾಯ್ತು. ಥೈರಾಯ್ಡ್ ಅದರ ಪಟ್ಟಿಯಲ್ಲಿ ಇರಲಿಲ್ಲ, ಆದ್ರೆ ಸ್ವಲ್ಪ ದುಡ್ಡು ಕೊಟ್ಟರೆ ಕತ್ತಿನ ಸ್ಕ್ಯಾನಿಂಗನ್ನೂ ಮಾಡಿಕೊಡುತ್ತಿದ್ದರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ರ ಹದಿನೈದು ಪಟ್ಟು ಆಗಿತ್ತು. ಒಂದೇ ವರ್ಷ 40,000ಕ್ಕೂ ಹೆಚ್ಚು ಜನ. ಸಾಯುವವರ ಸಂಖ್ಯೆ ಮಾತ್ರ ಏರಲೂ ಇಲ್ಲ, ಇಳಿಯಲೂ ಇಲ್ಲ. ಅಂದ್ರೆ ಸಿಕ್ಕಿದ್ದರಲ್ಲಿ ಬಹಳಷ್ಟು, ಜೀವನಪೂರ್ತಿ ತೊಂದರೆ ಕೊಡದೇ ಇರಬಹುದಾಗಿದ್ದ ಸಣ್ಣ ಗಂಟುಗಳು. ಹೆಚ್ಚುಕಮ್ಮಿ ಎಲ್ಲರಿಗೂ ಆಪರೇಷನ್ ಆಯ್ತು.

ರೋಬೋಟ್ ಇದಕ್ಕೆ ಕಾರಣ ಅಂತ ನಾನು ಹೇಳ್ತಿಲ್ಲ. ಆದ್ರೆ ಗೆರೆ ಮುಚ್ಚುವ ವಿದ್ಯೆ ಬೆಳೆದದ್ದು, ಬೇಕೋ ಬೇಡವೋ ಗೆರೆಗಳೇ ಹೆಚ್ಚುತ್ತಿದ್ದ ಊರಿನಲ್ಲಿ.

ಭಾಗ 8/10

ಚಿಕ್ಕಮ್ಮ ಹೇಳಿದ "ಬಾಯೊಳಗಿಂದ" ಆಪರೇಷನ್ ಇದೇ.

ಜರ್ಮನಿಯಲ್ಲಿ 2010ರ ಆಸುಪಾಸು ಮೊದಲ ಪ್ರಯತ್ನ ನಡೆದಾಗ ನಾಲಿಗೆಯ ಕೆಳಗಿನಿಂದ ಹೋದರು. ತೊಂದರೆಗಳು ಜಾಸ್ತಿ ಆಗಿ ಅದು ಹಿಡಿಯಲಿಲ್ಲ. ಬ್ಯಾಂಕಾಕ್‌ನ ಪೊಲೀಸ್ ಜನರಲ್ ಆಸ್ಪತ್ರೆಯ ಅಂಗೂನ್ ಅನುವಾಂಗ್ ದಾರಿ ಬದಲಾಯಿಸಿದರು: ಕೆಳತುಟಿಯ ಒಳಮಗ್ಗುಲು. ತುಟಿ ಮತ್ತು ಒಸಡಿನ ನಡುವೆ ಮೂರು ತೂತು, ಅಲ್ಲಿಂದ ಗಲ್ಲದ ಮೂಳೆ ದಾಟಿ ಚರ್ಮದಡಿ ಕೆಳಗಿಳಿಯೋದು. 2016ರಲ್ಲಿ ಮೊದಲ 60 ರೋಗಿಗಳ ವರದಿ ಬಂತು, ಕೆಲವೇ ವರ್ಷದಲ್ಲಿ ಹಲವು ದೇಶಗಳಿಗೆ ಹರಡಿತು. ಭಾರತದಲ್ಲೂ ಮಾಡುವವರಿದ್ದಾರೆ.

ಚರ್ಮದ ಮೇಲೆ ನಿಜವಾಗಿಯೂ ಒಂದೂ ಗೆರೆ ಇಲ್ಲ. ಬಾಯೊಳಗಿನ ಗಾಯ ಬೇಗ ಮಾಗುತ್ತೆ, ಹೆಚ್ಚುಕಮ್ಮಿ ಗುರುತೇ ಉಳಿಯಲ್ಲ. ಇದನ್ನ ಒಪ್ಪಿಕೊಳ್ಳಲೇಬೇಕು.

ಆದ್ರೆ ಖಾತೆಯ ಇನ್ನೊಂದು ಬದಿಯನ್ನೂ ನೋಡಿ. ತುಟಿ, ಗಲ್ಲಕ್ಕೆ ಸ್ಪರ್ಶ ಕೊಡುವ ನರ ಅಲ್ಲೇ ಹಾದು ಹೋಗುತ್ತೆ, ಅದಕ್ಕೆ ಪೆಟ್ಟಾದರೆ ಗಲ್ಲ ಜೋಮು ಹಿಡಿಯುತ್ತೆ. ಮಾಮೂಲಿ ಥೈರಾಯ್ಡ್ ಆಪರೇಷನ್ ಶುದ್ಧ ಚರ್ಮದ ಮೂಲಕ; ಇದು ಬ್ಯಾಕ್ಟೀರಿಯಾ ತುಂಬಿದ ಬಾಯಿಯ ಮೂಲಕ, ಹಾಗಾಗಿ ಆಂಟಿಬಯೋಟಿಕ್ ಬೇಕು. ಒಳಗೆ ತುಂಬುವ ಕಾರ್ಬನ್ ಡೈಆಕ್ಸೈಡ್ ರಕ್ತನಾಳಕ್ಕೆ ಸೇರುವ ಅಪಾಯ ಅಪರೂಪ, ಆದ್ರೆ ಗಂಭೀರ. ದೊಡ್ಡ ಗಡ್ಡೆ, ಹರಡಿದ ಕ್ಯಾನ್ಸರ್‌ಗೆ ಈ ದಾರಿ ಆಗಲ್ಲ. ಸರ್ಜನ್‌ಗೆ ಇದರಲ್ಲೇ ಕೈ ಪಳಗಿರಬೇಕು.

ಧ್ವನಿಯ ನರ, ಕ್ಯಾಲ್ಸಿಯಂ ನೋಡಿಕೊಳ್ಳುವ ಪ್ಯಾರಾಥೈರಾಯ್ಡ್, ಇವೆರಡರ ಅಪಾಯ ಯಾವ ಬಾಗಿಲಿನಿಂದ ಹೋದರೂ ತಪ್ಪಿದ್ದಲ್ಲ. ಒಳಗಿನ ಮನೆ ಒಂದೇ.

ಭಾಗ 9/10

ಸರಿ, ಯಾವ ಗೆರೆ ಚೆನ್ನಾಗಿದೆ ಅಂತ ಅಳೆಯೋದು ಹೇಗೆ?

1990ರಲ್ಲಿ ವ್ಯಾಂಕೂವರ್ ಸ್ಕೇಲ್ ಅಂತ ಒಂದು ಬಂತು, ಸುಟ್ಟಗಾಯದ ಕಲೆಗಳಿಗಾಗಿ. ಬಣ್ಣ, ಕೆಂಪು, ಮೆತ್ತಗಿದೆಯೋ ಗಟ್ಟಿಯೋ, ಎಷ್ಟು ಉಬ್ಬಿದೆ, ಈ ನಾಲ್ಕಕ್ಕೆ ಡಾಕ್ಟರ್ ಮಾರ್ಕ್ಸ್ ಕೊಡ್ತಾರೆ. ರೋಗಿಯನ್ನ ಯಾರೂ ಏನೂ ಕೇಳಲ್ಲ. 2004ರಲ್ಲಿ ನೆದರ್‌ಲ್ಯಾಂಡ್ಸ್‌ನವರು ಇನ್ನೊಂದು ಸ್ಕೇಲ್ ಮಾಡಿದರು. ಅದರಲ್ಲಿ ಎರಡು ಹಾಳೆ: ಒಂದು ನೋಡುವವರಿಗೆ, ಇನ್ನೊಂದು ಕಲೆ ಹೊತ್ತವರಿಗೆ. ನೋವಿದೆಯಾ, ತುರಿಸುತ್ತಾ, ಬಿಗಿಯುತ್ತಾ? ಈ ಪ್ರಶ್ನೆಗಳು ಬರೋಕೆ ಕೋಖರ್ ಪ್ರೊಫೆಸರ್ ಆಗಿ 132 ವರ್ಷ ಬೇಕಾಯ್ತು.

ರೋಗಿಗಳನ್ನ ಕೇಳಿದ ಅಧ್ಯಯನಗಳಲ್ಲಿ ನನಗೆ ಅಚ್ಚರಿ ಅನಿಸಿದ ಮಾತು: ಗೆರೆಯ ಉದ್ದಕ್ಕೂ ರೋಗಿಯ ಸಮಾಧಾನಕ್ಕೂ ಅಂಥಾ ಸಂಬಂಧ ಕಾಣಲಿಲ್ಲ. ಮೂರು ಸೆಂಟಿಮೀಟರ್ ಉಬ್ಬಿದ ಗೆರೆಗಿಂತ ಆರು ಸೆಂಟಿಮೀಟರ್ ಸಪಾಟು ಗೆರೆ ವಾಸಿ. ಗೆರೆ ಮಡಿಕೆಯಲ್ಲಿ ಕೂತಿದೆಯಾ ಅನ್ನೋದು ಮುಖ್ಯ. ತೀರಾ ಕೆಳಗೆ, ಎದೆಮೂಳೆಯ ಗುಳಿ ಹತ್ತಿರ ಬಂದರೆ ದಪ್ಪಗಾಗುವ ಸಾಧ್ಯತೆ ಜಾಸ್ತಿ.

ಇನ್ನೊಂದು, ಸಮಯ. ಮೊದಲ ಎರಡು ಮೂರು ತಿಂಗಳು ಗೆರೆ ಕೆಂಪಾಗಿ, ಗಟ್ಟಿಯಾಗಿ, ಅತಿ ಕೆಟ್ಟದಾಗಿ ಕಾಣುವ ಕಾಲ. ಪೂರ್ತಿ ಪಕ್ವ ಆಗೋಕೆ ಒಂದರಿಂದ ಒಂದೂವರೆ ವರ್ಷ. ನಮ್ಮಂಥ ಕಂದು ಚರ್ಮದವರಿಗೆ ಕೆಂಪಿಗಿಂತ ಕಪ್ಪಾಗೋದು ಜಾಸ್ತಿ, ಕೆಲಾಯ್ಡ್ ಆಗಿ ಬೆಳೆಯುವ ಸಾಧ್ಯತೆಯೂ ಬಿಳಿ ಚರ್ಮದವರಿಗಿಂತ ಹೆಚ್ಚು. ಬಿಸಿಲು ತಾಗಿದರೆ ಇನ್ನಷ್ಟು ಕಪ್ಪು, ಅದಕ್ಕೇ ಸನ್‌ಸ್ಕ್ರೀನ್, ಸಿಲಿಕೋನ್ ಜೆಲ್ ಹೇಳೋದು.

ಬಸ್‌ನ ಆಂಟಿ ನೋಡಿದ್ದು ನನ್ನ ಎರಡನೇ ತಿಂಗಳಿನ ಗೆರೆಯನ್ನ. ಇವತ್ತು ಸಿಕ್ಕಿದ್ದರೆ ಬಹುಶಃ ಏನೂ ಕೇಳ್ತಿರಲಿಲ್ಲ.

ಭಾಗ 10/10

ಕೊನೆಯದಾಗಿ ಇನ್ನೊಂದು ಊರು. ಜಪಾನಿನ ಕೋಬೆ.

ಅಲ್ಲಿನ ಕುಮಾ ಆಸ್ಪತ್ರೆಯಲ್ಲಿ ಅಕಿರಾ ಮಿಯಾವುಚಿ 1993ರಲ್ಲಿ ಒಂದು ವಿಚಿತ್ರ ಸಲಹೆ ಮುಂದಿಟ್ಟರು. ಒಂದು ಸೆಂಟಿಮೀಟರ್ ಒಳಗಿನ, ಅಪಾಯದ ಲಕ್ಷಣ ಇಲ್ಲದ ಥೈರಾಯ್ಡ್ ಕ್ಯಾನ್ಸರ್‌ಗೆ ಕೂಡಲೇ ಆಪರೇಷನ್ ಬೇಡ, ಕಾಲಕಾಲಕ್ಕೆ ಸ್ಕ್ಯಾನ್ ಮಾಡ್ತಾ ಕಾಯೋಣ. 1235 ಜನರ ಲೆಕ್ಕ 2014ರಲ್ಲಿ ಬಂತು: ಹತ್ತು ವರ್ಷದಲ್ಲಿ ಗಂಟು ಮೂರು ಮಿಲಿಮೀಟರ್ ಅಥವಾ ಹೆಚ್ಚು ಬೆಳೆದದ್ದು ನೂರಕ್ಕೆ 8 ಜನರಲ್ಲಿ ಮಾತ್ರ. ಹಾಗೆ ಬೆಳೆದವರಿಗೆ ಆಮೇಲೆ ಆಪರೇಷನ್ ಮಾಡಿದರೂ ತಡ ಆಗಿರಲಿಲ್ಲ.

150 ವರ್ಷದಲ್ಲಿ ಗೆರೆ ಉದ್ದದಿಂದ ಅಡ್ಡಕ್ಕೆ ತಿರುಗಿತು, ಚಿಕ್ಕದಾಯಿತು, ಎದೆಗೆ, ಕಂಕುಳಿಗೆ, ತುಟಿಯೊಳಗೆ ಹೋಯಿತು. ಅಕೌಂಟೆನ್ಸಿಯಲ್ಲಿ ಒಂದು ಖಾತೆಯಿಂದ ತೆಗೆದದ್ದು ಇನ್ನೊಂದು ಖಾತೆಯಲ್ಲಿ ಕಾಣಲೇಬೇಕು. ಇಲ್ಲೂ ಹಾಗೇ. ಕತ್ತಿನಿಂದ ತೆಗೆದದ್ದು ಸುರಂಗವಾಗಿಯೋ, ಜೋಮಾಗಿಯೋ, ಬಿಲ್ಲಾಗಿಯೋ ಇನ್ನೊಂದು ಕಡೆ ಬರುತ್ತೆ. ಗೆರೆಯನ್ನ ನಿಜವಾಗಿ ಇಲ್ಲವಾಗಿಸಿದ್ದು ಎರಡೇ: ಉಪ್ಪು ಮತ್ತು ತಾಳ್ಮೆ.

ಕಂಕುಳಿನ, ಬಾಯಿಯ ದಾರಿ ತಪ್ಪು ಅಂತ ಅಲ್ಲ. ಕೆಲಾಯ್ಡ್ ಆಗುವ ಚರ್ಮ ಇದ್ದವರಿಗೆ, ಕತ್ತಿನ ಗೆರೆಯಿಂದ ನಿಜಕ್ಕೂ ನೋಯುವವರಿಗೆ ಅದು ದೊಡ್ಡ ಉಪಕಾರ. ಆದ್ರೆ ಆಯ್ಕೆ ಮಾಡುವ ಮೊದಲು ಇಷ್ಟು ಕೇಳಿ. ಆಪರೇಷನ್ ಈಗಲೇ ಬೇಕಾ? ನನ್ನ ಗಡ್ಡೆಗೆ ಯಾವ ದಾರಿ ಹೊಂದುತ್ತೆ? ಈ ಸರ್ಜನ್ ಇಂಥವು ಎಷ್ಟು ಮಾಡಿದ್ದಾರೆ? ಗೆರೆ ಮುಚ್ಚಬೇಕಾಗಿರೋದು ನನಗಾಗಿಯಾ, ನೋಡುವವರಿಗಾಗಿಯಾ?

ಚಿಕ್ಕಮ್ಮನಿಗೆ ಉತ್ತರ: ನನ್ನ ಗಡ್ಡೆ ದೊಡ್ಡದಿತ್ತು, ಕೆಳಗೆ ಇಳಿದಿತ್ತು, ಉಸಿರಿಗೆ ಅಡ್ಡ ಬಂದಿತ್ತು. ಅದಕ್ಕೆ ಕೋಖರ್ ದಾರಿಯೇ ಸರಿ.

ಅಜ್ಜಿಯ ಅಡ್ಡಿಕೆ ಹೋದ ವಾರದ ಮದುವೆಗೆ ಹಾಕ್ಕೊಂಡೆ. ಚೆನ್ನಾಗಿದೆ ಅಂತ ಹಾಕ್ಕೊಂಡೆ. ಅದು ಸರಿದಾಗೆಲ್ಲ ಗೆರೆ ಕಾಣ್ತಿತ್ತು, ನಾನು ಸರಿ ಮಾಡ್ಕೊಳ್ಳೋಕೆ ಹೋಗಲಿಲ್ಲ.

ನಿಮ್ಮ ಕತ್ತಿನ ಮೇಲೂ ಗೆರೆ ಇದ್ರೆ ಕಾಮೆಂಟ್‌ನಲ್ಲಿ ಹೇಳಿ, ಎಷ್ಟು ವರ್ಷ ಆಯ್ತು, ಈಗ ಹೇಗಿದೆ ಅಂತ. ಎರಡನೇ ತಿಂಗಳಲ್ಲಿ ಕನ್ನಡಿ ನೋಡ್ತಾ ಕೂತಿರೋ ಯಾರಿಗಾದ್ರೂ ಬೇಕಾಗುತ್ತೆ.

#ಕತ್ತಿನಗೆರೆ #ಥೈರಾಯ್ಡ್ #ಇತಿಹಾಸ #ಕನ್ನಡದಲ್ಲಿ